ಮಂಡಿ ನೋವು, ಸೊರಗುವ ತೊಡೆ, ಏರುವ ಸಕ್ಕರೆ: 45 ದಾಟಿದ ಮಹಿಳೆಯರಿಗೊಂದು ಮಾರ್ಗದರ್ಶಿ

ಅವರೆಕಾಯಿ ಸುಲಿದು ನೆಲದಿಂದ ಏಳುವಾಗ ಕೈ ತಾನಾಗಿಯೇ ಗೋಡೆಯನ್ನು ಹುಡುಕತೊಡಗುತ್ತದೆ. ಎರಡು ವರ್ಷದ ಹಿಂದೆ ಹೊಲಿಸಿದ ರವಿಕೆ ತೋಳಿನಲ್ಲಿ ಸಡಿಲವಾಗಿ ಹೊಟ್ಟೆಯ ಬಳಿ ಬಿಗಿಯಾಗುತ್ತದೆ. ಅದೇ ಸುಮಾರಿಗೆ ರಕ್ತಪರೀಕ್ಷೆಯಲ್ಲಿ ಸಕ್ಕರೆ ‘ಬಾರ್ಡರ್‌ನಲ್ಲಿದೆ’ ಎಂದು ತಿಳಿದುಬರುತ್ತದೆ. ನಮ್ಮ ಮನೆಗಳಲ್ಲಿ ಈ ಮೂರನ್ನೂ ಬೇರೆ ಬೇರೆ ತೊಂದರೆಗಳೆಂದು ಎಣಿಸುವುದು ರೂಢಿ. ಮಂಡಿಗೆ ಮೂಳೆ ವೈದ್ಯರು, ಸಕ್ಕರೆಗೆ ಮತ್ತೊಬ್ಬರು. ಸೊರಗಿದ ತೋಳು ತೊಡೆಗಳ ಬಗ್ಗೆ ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ, ಏಕೆಂದರೆ ಅದೊಂದು ತೊಂದರೆಯೆಂದೇ ಯಾರಿಗೂ ಅನ್ನಿಸುವುದಿಲ್ಲ. ಉಳಿದೆರಡನ್ನು ಹತೋಟಿಗೆ ತರುವ ಕೆಲಸವನ್ನು ಯಾರೂ ಕೇಳದ ಆ ಮೂರನೆಯದರಿಂದಲೇ ಆರಂಭಿಸಬೇಕು ಎಂಬುದು ಈ ಲೇಖನದ ನಿಲುವು.

ಮೂರಕ್ಕೂ ಇರುವ ನಂಟು ಹೀಗಿದೆ. ಊಟದ ನಂತರ ರಕ್ತಕ್ಕೆ ಸೇರುವ ಗ್ಲೂಕೋಸ್‌ನ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳುವುದು ಸ್ನಾಯುಗಳು, ಅದರಲ್ಲೂ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು. ಮಧ್ಯವಯಸ್ಸಿನಿಂದ ಈ ಸ್ನಾಯುರಾಶಿ ನಿಧಾನವಾಗಿ ಕರಗುತ್ತದೆ. ವಯಸ್ಸಿನೊಂದಿಗೆ ಬರುವ ಈ ನಷ್ಟಕ್ಕೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಸಾರ್ಕೊಪೀನಿಯಾ ಎಂಬ ಹೆಸರಿಟ್ಟರು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇಳಿದಂತೆ ಸ್ನಾಯುವಿನ ನಷ್ಟ ಚುರುಕಾಗುತ್ತದೆ, ಕೊಬ್ಬು ತೊಡೆಯನ್ನು ಬಿಟ್ಟು ಹೊಟ್ಟೆಗೆ ಸೇರುತ್ತದೆ. ಭಾರತೀಯ ಮಹಿಳೆಯರಲ್ಲಿ ಮುಟ್ಟು ಸರಾಸರಿ 46–47ರ ಸುಮಾರಿಗೇ ನಿಲ್ಲುವುದರಿಂದ, ಪಾಶ್ಚಾತ್ಯ ದೇಶಗಳ ಮಹಿಳೆಯರಿಗಿಂತ ನಮ್ಮವರಿಗೆ ಈ ಬದಲಾವಣೆ ಕೆಲವು ವರ್ಷ ಮೊದಲೇ ಎದುರಾಗುತ್ತದೆ.

ಇನ್ನು ಮಂಡಿಯ ಮಾತು. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಪ್ರತಿ ಹೆಜ್ಜೆಯ ಹೊಡೆತವನ್ನು ತಾನು ಹೀರಿಕೊಂಡು ಉಳಿದದ್ದನ್ನಷ್ಟೇ ಕೀಲಿಗೆ ಬಿಡುತ್ತದೆ. ಅದು ದುರ್ಬಲವಾದರೆ ಭಾರವೆಲ್ಲ ಕೀಲಿನಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಯ ಮೇಲೆ ಬೀಳುತ್ತದೆ. ಹೊಟ್ಟೆಯ ಕೊಬ್ಬೂ ಸುಮ್ಮನಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ದೇಹದ ಭಾರವನ್ನೇ ಹೊರದ ಕೈಬೆರಳುಗಳಲ್ಲೂ ಸ್ಥೂಲಕಾಯದವರಿಗೆ ಕೀಲುಸವೆತ ಹೆಚ್ಚಾಗಿ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಮಂಡಿ ನೋಯುತ್ತದೆಂದು ನಡಿಗೆ ನಿಲ್ಲಿಸಿದರೆ ತೊಡೆ ಇನ್ನಷ್ಟು ಸೊರಗುತ್ತದೆ, ಸಕ್ಕರೆ ಏರುತ್ತದೆ, ತೂಕ ಕೂಡುತ್ತದೆ, ಮಂಡಿ ಮತ್ತಷ್ಟು ನೋಯುತ್ತದೆ.

‘ಸವೆತ’ ಎಂಬ ಪದವೇ ಇಲ್ಲಿ ಒಂದು ಕೇಡು ಮಾಡಿದೆ ಎಂದು ನನಗನ್ನಿಸುತ್ತದೆ. ಸವೆದದ್ದನ್ನು ಬಳಸಿದಷ್ಟೂ ಇನ್ನಷ್ಟು ಸವೆಯುತ್ತದೆ ಎಂಬ ಲೆಕ್ಕ ಚಪ್ಪಲಿಗೆ ಸರಿ, ಕೀಲಿಗಲ್ಲ. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ, ಭಾರ ಬಿದ್ದಾಗ ಒತ್ತಿಕೊಂಡು, ಭಾರ ಸರಿದಾಗ ಉಬ್ಬಿ, ಸ್ಪಂಜಿನಂತೆ ಕೀಲಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಹಿತವಾದ ಚಲನೆ ಅದಕ್ಕೆ ಊಟವಿದ್ದಂತೆ.

ಮೊದಲ ಹೆಜ್ಜೆ: ಅಳೆದು ಬರೆದಿಡಿ

ಒಂದು ನೋಟ್‌ಬುಕ್, ದರ್ಜಿಯ ಟೇಪು, ಕೈಯಿಲ್ಲದ ಗಟ್ಟಿ ಕುರ್ಚಿ, ಸೆಕೆಂಡು ತೋರಿಸುವ ಮೊಬೈಲು ಇದ್ದರೆ ಸಾಕು.

ಸೊಂಟದ ಸುತ್ತಳತೆಯನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಇವೆರಡರ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಸೀರೆಯ ನೆರಿಗೆಯ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ದಕ್ಷಿಣ ಏಷ್ಯಾದ ಮಹಿಳೆಯರಿಗೆ ಮಿತಿ 80 ಸೆಂಟಿಮೀಟರ್. ಬಳಿಕ ಕುರ್ಚಿಯ ಮೇಲೆ ಕುಳಿತು, ಪಾದ ನೆಲಕ್ಕೂರಿ, ಮೀನಖಂಡದ ಅತಿ ದಪ್ಪ ಭಾಗವನ್ನು ಅಳೆಯಿರಿ. ಸಾರ್ಕೊಪೀನಿಯಾ ಕುರಿತ ಏಷ್ಯಾದ ತಜ್ಞರ ತಂಡ 2019ರಲ್ಲಿ ಮಹಿಳೆಯರಿಗೆ ನಿಗದಿಪಡಿಸಿದಂತೆ, ಇದು 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರುವ ಸಂಶಯಪಡಬೇಕು. ಆದರೆ ಕೊಬ್ಬು ಅಥವಾ ಬಾವು ಇರುವ ಕಾಲು ದಪ್ಪವಾಗಿ ಕಂಡು ಮೋಸ ಮಾಡಬಹುದು. ಹಾಗಾಗಿ ನಾನು ಹೆಚ್ಚು ನಂಬುವುದು ಕುರ್ಚಿಯ ಪರೀಕ್ಷೆಯನ್ನು: ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕುಳಿತಲ್ಲಿಂದ 5 ಬಾರಿ ಪೂರ್ತಿ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಈ ಮಿತಿಯನ್ನು ರೂಪಿಸಿದ್ದು ಹಿರಿಯರಿಗಾಗಿ; ಆದ್ದರಿಂದ 50ರ ಆಸುಪಾಸಿನಲ್ಲೇ ಇಷ್ಟು ಹೊತ್ತು ಹಿಡಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಧಾನಕ್ಕೆ ಕಾರಣ ಬಲಹೀನತೆಯೋ ನೋವೋ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.

ರಕ್ತಪರೀಕ್ಷೆಯ ವರದಿ ಇದ್ದರೆ ಅದನ್ನೂ ತೆಗೆಯಿರಿ. ಸೊಂಟ 80 ಸೆಂಟಿಮೀಟರ್ ಅಥವಾ ಹೆಚ್ಚು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 150 ಅಥವಾ ಹೆಚ್ಚು, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 50ಕ್ಕಿಂತ ಕಡಿಮೆ, ರಕ್ತದೊತ್ತಡ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು: ಈ 5ರಲ್ಲಿ 3 ಕೂಡಿದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸಕ್ಕರೆಯ ಸರಾಸರಿ) 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹಪೂರ್ವ ಸ್ಥಿತಿ, 6.5 ಮುಟ್ಟಿದರೆ ಮಧುಮೇಹ. ಸದಾ ದಣಿವು ಮತ್ತು ಮೈಕೈ ನೋವು ಇರುವವರು ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಮತ್ತು ಡಿ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು. ಥೈರಾಯ್ಡ್ ಕಡಿಮೆಯಾದಾಗ ಸ್ನಾಯುಗಳು ಸೋಲುವುದು ಈ ವಯಸ್ಸಿನಲ್ಲಿ ಅಪರೂಪವಲ್ಲ. 30 ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ.

ತೂಕದ ಯಂತ್ರವನ್ನು ಕೊನೆಗಿಟ್ಟಿದ್ದೇನೆ, ಬೇಕೆಂದೇ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3, ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ಮೈಯಲ್ಲಿ ಶೇ 21.2. ಕಣ್ಣಿಗೆ ತೆಳ್ಳಗೆ, ಒಳಗೆ ಕೊಬ್ಬು: ನಮ್ಮ ಕಡೆಯ ದೇಹದ ಗುಣವೇ ಇದು. ಭಾರತೀಯರಿಗೆ ಬಿಎಂಐ 23ರಿಂದಲೇ ಅಧಿಕ ತೂಕ, 25ರಿಂದ ಸ್ಥೂಲಕಾಯ ಎಂದು ಎಣಿಸುವುದು ಇದೇ ಕಾರಣಕ್ಕೆ. ‘ನನ್ನ ತೂಕ ಮದುವೆಯಾದಾಗಿನಷ್ಟೇ ಇದೆ’ ಎಂದು ನೆಮ್ಮದಿಯಿಂದ ಇರುವವರೂ ಟೇಪು ಹಿಡಿಯಬೇಕು.

ಎರಡನೆಯ ಹೆಜ್ಜೆ: ನೋವು ಯಾವ ಬಗೆಯದೆಂದು ತಿಳಿದುಕೊಳ್ಳಿ

ವಯಸ್ಸು 45 ಅಥವಾ ಹೆಚ್ಚು, ಓಡಾಡಿದಾಗ ಅಥವಾ ಮೆಟ್ಟಿಲು ಹತ್ತಿ ಇಳಿದಾಗ ನೋವು, ಬೆಳಗಿನ ಬಿಗಿತ ಇಲ್ಲವೇ ಇಲ್ಲ ಅಥವಾ 30 ನಿಮಿಷದೊಳಗೆ ಬಿಡುತ್ತದೆ: ಇಷ್ಟಿದ್ದರೆ ಎಕ್ಸ್‌ರೇ ಇಲ್ಲದೆಯೇ ಮಂಡಿಯ ಆಸ್ಟಿಯೊಆರ್ಥ್ರೈಟಿಸ್ (ಕೀಲುಸವೆತ) ಎಂದು ಗುರುತಿಸಬಹುದೆಂದು ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ. ಎಕ್ಸ್‌ರೇಯಲ್ಲಿ ‘ಗ್ಯಾಪ್ ಕಮ್ಮಿಯಾಗಿದೆ’ ಎಂದು ಬಂದವರಲ್ಲಿ ಎಷ್ಟೋ ಮಂದಿಗೆ ಹೆಚ್ಚು ನೋವಿರುವುದಿಲ್ಲ, ಬಹಳ ನೋಯುವವರ ಎಕ್ಸ್‌ರೇ ಸಾಧಾರಣವಾಗಿರುವುದೂ ಉಂಟು.

ಆದರೆ ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿದು, ಕೈಬೆರಳಿನ ಗೆಣ್ಣುಗಳೂ ಊದಿಕೊಂಡರೆ ಅದು ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಇರಬಹುದು. ಅದರ ಚಿಕಿತ್ಸೆಯೇ ಬೇರೆ, ತಡವಾದಷ್ಟೂ ಕೀಲಿಗೆ ಹಾನಿ. ಜ್ವರ ಬಂದು ಹೋದ ಮೇಲೆ ಶುರುವಾದ ನೋವಾದರೆ ಚಿಕೂನ್‌ಗುನ್ಯಾವನ್ನು ನೆನಪಿಸಿಕೊಳ್ಳಿ. 2006ರಲ್ಲಿ ಕರ್ನಾಟಕದ ಊರೂರುಗಳನ್ನು ಮಲಗಿಸಿದ ಆ ಜ್ವರದ ಕೀಲುನೋವು ತಿಂಗಳುಗಟ್ಟಲೆ ಎಳೆದದ್ದನ್ನು ಕಂಡವರು ಮರೆತಿರಲಾರರು. ಮಂಡಿ ಬಿಸಿಯಾಗಿ ಕೆಂಪಗೆ ಊದಿ ಜ್ವರವೂ ಇದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮಂಡಿ ನಡುವೆಯೇ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ಒಂದೇ ಕಡೆಯ ಮೀನಖಂಡ ಊದಿ ನೋಯುತ್ತಿದ್ದರೆ ಮುಂದಿನ ಹೆಜ್ಜೆಗಳನ್ನು ಬದಿಗಿಟ್ಟು ಅಂದೇ ವೈದ್ಯರನ್ನು ಕಾಣಬೇಕು.

ಮೂರನೆಯ ಹೆಜ್ಜೆ: ತೊಡೆಗೆ ಕೆಲಸ ಕೊಡಿ

‘ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸ ಮಾಡುತ್ತೇನೆ, ಇನ್ನೇನು ವ್ಯಾಯಾಮ’ ಎಂಬ ಮಾತಿನಲ್ಲಿ ನ್ಯಾಯವಿದೆ. ಆ ಕೆಲಸ ಮೈಯನ್ನು ದಣಿಸುತ್ತದೆ, ಆದರೆ ಸ್ನಾಯುವನ್ನು ಬೆಳೆಸುವುದಿಲ್ಲ. ನಿನ್ನೆಗಿಂತ ಇಂದು ಸ್ವಲ್ಪ ಹೆಚ್ಚು ಭಾರ, ಆಮೇಲೆ ಬಿಡುವು ಎಂಬ ಏರಿಕೆಯಿದ್ದರೆ ಮಾತ್ರ ಸ್ನಾಯು ಬೆಳೆಯುತ್ತದೆ. ಒಲೆಯ ಮುಂದೆ ನಿಲ್ಲುವುದರಲ್ಲಿ ಅಂಥ ಏರಿಕೆಯಿಲ್ಲ. ನಾಟಿ, ಕಳೆ ಎಂದು ಹೊಲಗದ್ದೆಯಲ್ಲಿ ದುಡಿಯುವ ಮಹಿಳೆಯರ ವಿಷಯ ಬೇರೆ. ಅವರ ಮಂಡಿಗೆ ಗಂಟೆಗಟ್ಟಲೆ ಕುಕ್ಕರಗಾಲಿನ ಭಾರ ಈಗಾಗಲೇ ಬಿದ್ದಿರುತ್ತದೆ. ಅವರಿಗೆ ಮೊದಲು ಬೇಕಾದದ್ದು ಆ ಭಂಗಿಯಿಂದ ಆಗಾಗ ಎದ್ದು ನಿಲ್ಲುವ ಬಿಡುವು ಮತ್ತು ತಟ್ಟೆಯಲ್ಲಿ ಹೆಚ್ಚು ಕಾಳು. ವ್ಯಾಯಾಮವನ್ನು ಕೆಲಸ ಕಡಿಮೆಯಿರುವ ದಿನಗಳಿಗೆ ಇಟ್ಟುಕೊಳ್ಳಲಿ.

ಮೊದಲ 3 ವಾರ ಮಂಡಿಯ ಮೇಲೆ ಭಾರ ಬೀಳದ ವ್ಯಾಯಾಮಗಳು ಸಾಕು. ಚಾಪೆಯ ಮೇಲೆ, ನೆಲದಿಂದ ಏಳುವುದು ಕಷ್ಟವಾದರೆ ಮಂಚದ ಮೇಲೆ, ಕಾಲು ಚಾಚಿ ಕುಳಿತು ಸುರುಳಿ ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು, ತೊಡೆಯನ್ನು ಬಿಗಿದು ಟವೆಲನ್ನು ಒತ್ತಿ 5 ಸೆಕೆಂಡು ಹಿಡಿಯಿರಿ; ಒಂದೊಂದು ಕಾಲಿಗೆ 10 ಬಾರಿ. ನಂತರ ಅಂಗಾತ ಮಲಗಿ, ಒಂದು ಕಾಲನ್ನು ಮಡಿಸಿಟ್ಟು, ಇನ್ನೊಂದನ್ನು ನೇರವಾಗಿ ಒಂದಡಿಯಷ್ಟು ಎತ್ತಿ ಹಿಡಿದು ನಿಧಾನವಾಗಿ ಇಳಿಸಿ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು ಸೊಂಟದ ಪಕ್ಕದ ಸ್ನಾಯುಗಳಿಗೆ. ನಡೆಯುವಾಗ ದೇಹ ಅತ್ತಿತ್ತ ವಾಲದಂತೆ ನೋಡಿಕೊಳ್ಳುವವು ಇವೇ ಆದ್ದರಿಂದ ಇದನ್ನು ಬಿಡಬೇಡಿ. ಅಂಗಾತ ಮಲಗಿ, ಎರಡೂ ಮಂಡಿ ಮಡಿಸಿ, ಸೊಂಟವನ್ನು ಮೇಲೆತ್ತುವ ಸೇತುಬಂಧ ಪೃಷ್ಠದ ಸ್ನಾಯುಗಳಿಗೆ.

4ನೆಯ ವಾರದಿಂದ ಕುರ್ಚಿಯನ್ನು ಸೇರಿಸಿ. ಇಡೀ ಕಾರ್ಯಕ್ರಮದಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಆರಿಸುವುದು ಇದನ್ನೇ. ಕುರ್ಚಿಯ ಮೇಲೆ ಮಡಿಸಿದ ಬೆಡ್‌ಶೀಟುಗಳನ್ನಿಟ್ಟು ಎತ್ತರಿಸಿ, ಕೈಯೂರದೆ ಎದ್ದು, ಮೂರು ಎಣಿಸುತ್ತಾ ನಿಧಾನವಾಗಿ ಕೂರಬೇಕು. ‘ದೊಪ್’ ಎಂದು ಕುಳಿತರೆ ಅರ್ಧ ಲಾಭ ಹೋಯಿತು. ಸುಲಭವಾದಂತೆ ಬೆಡ್‌ಶೀಟುಗಳನ್ನು ಒಂದೊಂದಾಗಿ ತೆಗೆಯಿರಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ, ಗೋಡೆಗೆ ಅಂಗೈಯೂರಿ ದಂಡ ಹೊಡೆದಂತೆ ತಳ್ಳುವುದು ತೋಳು ಮತ್ತು ಎದೆಗೆ. ಸಕ್ಕರೆಯ ಲೆಕ್ಕದಲ್ಲಿ ತೋಳಿನ ಸ್ನಾಯುವೂ ಸ್ನಾಯುವೇ. 9ನೆಯ ವಾರದಿಂದ ಮೆಟ್ಟಿಲಿನ ಮೊದಲ ಹಂತವನ್ನು ಹತ್ತಿ ಇಳಿಯುವುದನ್ನು ಸೇರಿಸಿ, ಕಾಲೆತ್ತುವ ವ್ಯಾಯಾಮಗಳಿಗೆ ಭಾರ ಕಟ್ಟಿಕೊಳ್ಳಿ. ಅರ್ಧ ಕಿಲೊ ಉಪ್ಪಿನ ಪ್ಯಾಕೆಟ್ಟನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ ಕಣಕಾಲಿಗೆ ಕಟ್ಟಿದರೆ ಸಾಕು.

ಪ್ರತಿಯೊಂದನ್ನೂ 8ರಿಂದ 12 ಬಾರಿ, 2 ಅಥವಾ 3 ಸುತ್ತು, ವಾರಕ್ಕೆ 3 ದಿನ, ದಿನ ಬಿಟ್ಟು ದಿನ ಮಾಡಿ. ಕೊನೆಯ ಎರಡು ಬಾರಿ ಕಷ್ಟವೆನಿಸದಿದ್ದರೆ ಭಾರ ಹೆಚ್ಚಿಸುವ ಕಾಲ ಬಂದಿದೆ ಎಂದು ತಿಳಿಯಿರಿ. ಉಸಿರು ಕಟ್ಟಬೇಡಿ, ರಕ್ತದೊತ್ತಡ ಇರುವವರಿಗೆ ಇದು ಮುಖ್ಯ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡದೆ, ಮೊದಲು ವೈದ್ಯರೊಂದಿಗೆ ಮಾತಾಡಲಿ. ನೋವು ಬರಲಿಕ್ಕೇ ಬಾರದು ಎಂದೇನಿಲ್ಲ. 2013ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಗ್ಲ್ಯಾಡ್ ಎಂಬ ಮಂಡಿ-ಸೊಂಟದ ವ್ಯಾಯಾಮ ಕಾರ್ಯಕ್ರಮದ ನಿಯಮ ಸರಳವಾಗಿದೆ: 10ಕ್ಕೆ 5ರವರೆಗಿನ ನೋವನ್ನು ಸಹಿಸಬಹುದು, ಆದರೆ 24 ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕು, ಇಳಿಯದಿದ್ದರೆ ಮುಂದಿನ ಬಾರಿ ಸುತ್ತು ಕಡಿಮೆ ಮಾಡಿ, ನಿಲ್ಲಿಸಬೇಡಿ. ಮಂಡಿ ನೋವಿರುವವರು ಭಾರಿ ತೂಕ ಎತ್ತಲೇಬೇಕೆಂದೂ ಇಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಹೆಚ್ಚು ಭಾರ ಮತ್ತು ಕಡಿಮೆ ಭಾರದ ತಾಲೀಮುಗಳ ನಡುವೆ 18 ತಿಂಗಳ ಕೊನೆಗೆ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಡಿಗೆ ಇದರ ಜೊತೆಗೆ, ಇದರ ಬದಲಿಗಲ್ಲ. ಮುಂಜಾನೆ ಒಂದೇ ಬಾರಿ ಒಂದು ಗಂಟೆ ನಡೆದು ಸಂಜೆ ಮಂಡಿ ಹಿಡಿದು ಕೂರುವುದಕ್ಕಿಂತ, ಪ್ರತಿ ಊಟದ ನಂತರ 10–15 ನಿಮಿಷ ನಡೆಯುವುದು ಮೇಲು: ಕೆಲಸ ಮಾಡುತ್ತಿರುವ ಸ್ನಾಯು ಆಗಷ್ಟೇ ಏರುತ್ತಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಮಂಡಿಗೂ ಒಮ್ಮೆಗೇ ಹೊರೆಯಾಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಸಾರಿನ ತಿಳಿಯಲ್ಲ, ಕಾಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹದ ಪ್ರತಿ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೊ ತೂಕದವರಿಗೆ ಸುಮಾರು 50 ಗ್ರಾಂ. ಸ್ನಾಯು ಉಳಿಸಿಕೊಳ್ಳಬೇಕಾದ ವಯಸ್ಸಿನಲ್ಲಿ 1ರಿಂದ 1.2 ಗ್ರಾಂ ಇರಲಿ ಎಂದು ಹಲವು ತಜ್ಞರು ಹೇಳುತ್ತಾರೆ. ಆಗ ಅದು 60–72 ಗ್ರಾಂ ಆಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ನಮ್ಮ ಊಟದಲ್ಲಿ ಇದು ಎಲ್ಲಿ ತಪ್ಪುತ್ತದೆ ಎಂದು ನೋಡೋಣ. ಐದು ಮಂದಿಯ ಮನೆಯಲ್ಲಿ 100 ಗ್ರಾಂ ತೊಗರಿಬೇಳೆ ಹಾಕಿ ಸಾರು ಮಾಡಿದರೆ ಇಡೀ ಪಾತ್ರೆಯಲ್ಲಿರುವುದು 22 ಗ್ರಾಂ ಪ್ರೋಟೀನ್, ಒಬ್ಬೊಬ್ಬರ ಪಾಲಿಗೆ 4 ಗ್ರಾಂ ಚಿಲ್ಲರೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರಿಗೆ ಅದೂ ಇಲ್ಲ. ಕಾಳು ಮುಗಿದು ತಿಳಿ ಉಳಿದಿರುತ್ತದೆ. ಒಪ್ಪೊತ್ತಿನ ರಾತ್ರಿಗಳಲ್ಲಿ ಅವಲಕ್ಕಿ, ಉಪ್ಪಿಟ್ಟು, ಸಾಬಕ್ಕಿಯೇ ‘ಫಲಾಹಾರ’ವಾಗುವುದರಿಂದ ಪಿಷ್ಟ ಏರುತ್ತದೆ, ಪ್ರೋಟೀನ್ ಇಳಿಯುತ್ತದೆ. ಪೌಡರ್ ಡಬ್ಬಿ ಕೊಳ್ಳುವ ಮೊದಲು ನಿಮ್ಮ ಪಾಲಿನ ಕಾಳನ್ನು ಬೇರೆ ಬಟ್ಟಲಲ್ಲಿ ತೆಗೆದಿಟ್ಟುಕೊಳ್ಳಿ.

ಸಸ್ಯಾಹಾರಿಯ ಒಂದು ದಿನದ ಲೆಕ್ಕ ಹೀಗಿರಬಹುದು. ಬೆಳಿಗ್ಗೆ 60 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆಯಲ್ಲಿ 14 ಗ್ರಾಂ; ಮಧ್ಯಾಹ್ನ 50 ಗ್ರಾಂ ಹುರುಳಿಯನ್ನು ಮೊಳಕೆ ಕಟ್ಟಿಸಿ ಮಾಡಿದ ಹುಳಿಯಲ್ಲಿ 11, ಅದರ ಜೊತೆಗಿನ ಸಾಧಾರಣ ಗಾತ್ರದ ಒಂದು ರಾಗಿಮುದ್ದೆಯಲ್ಲಿ 6, ಒಂದು ಬಟ್ಟಲು ಮೊಸರಿನಲ್ಲಿ 6; ಸಂಜೆ ಒಂದು ಹಿಡಿ ಕಡಲೆಕಾಯಿಯಲ್ಲಿ 7; ರಾತ್ರಿ ಎರಡು ಚಪಾತಿಯಲ್ಲಿ 6, ಗಟ್ಟಿ ತೊವ್ವೆಯಲ್ಲಿ 8, ಒಂದು ಲೋಟ ಹಾಲಿನಲ್ಲಿ 6. ಒಟ್ಟು 64 ಗ್ರಾಂ. ಮೊಟ್ಟೆ ತಿನ್ನುವವರಿಗೆ ಒಂದೊಂದರಲ್ಲೂ 6 ಗ್ರಾಂ ಸಿಗುತ್ತದೆ. ಕರಾವಳಿಯ ಬಂಗುಡೆ, ಬೂತಾಯಿ ತಿನ್ನುವವರಿಗೆ ಈ ಲೆಕ್ಕ ಇನ್ನೂ ಸುಲಭ. ಮುದ್ದೆಯ ಬಗ್ಗೆ ಒಂದು ಮಾತು: ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ, ಅದು ಮೂಳೆಗೆ ಹಿತ. ಆದರೆ ರಾಗಿಯೂ ಪಿಷ್ಟವೇ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಎರಡು ಮುದ್ದೆ ಉಣ್ಣುವುದರಲ್ಲಿ ಅರ್ಥವಿಲ್ಲ. ಕಾಳು, ಪಲ್ಯ, ಕೋಸಂಬರಿಯನ್ನು ಮೊದಲು ತಿಂದು ಮುದ್ದೆ ಅಥವಾ ಅನ್ನವನ್ನು ಆಮೇಲೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ. ಹಬ್ಬದೂಟದ ಎಲೆಯಲ್ಲಿ ಕೋಸಂಬರಿ, ಪಲ್ಯ ಬಡಿಸಿದ ಮೇಲೇ ಅನ್ನ ಬರುವ ಕ್ರಮ ಇದ್ದೇ ಇದೆ.

ಐದನೆಯ ಹೆಜ್ಜೆ: ತೂಕ ಇಳಿಸಿ, ಸ್ನಾಯುವನ್ನಲ್ಲ

ಈ ಹೆಜ್ಜೆ ಸೊಂಟ ಅಥವಾ ಬಿಎಂಐ ಮಿತಿ ಮೀರಿದವರಿಗೆ ಮಾತ್ರ. ದೇಹದ ತೂಕ 1 ಕಿಲೊ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೊ ಇಳಿಯುತ್ತದೆಂದು 2005ರ ಅಧ್ಯಯನವೊಂದು ತೋರಿಸಿತು. ದಿನಕ್ಕೆ 5000 ಹೆಜ್ಜೆ ನಡೆಯುವವರ ಒಂದೊಂದು ಮಂಡಿಗೂ 2500 ಹೆಜ್ಜೆ. ಗುಣಿಸಿ ನೋಡಿದರೆ ದಿನವೊಂದಕ್ಕೆ 10 ಟನ್ ಕಡಿಮೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ 5 ಕಿಲೊದಷ್ಟು ಇಳಿಸಿಕೊಂಡ ಮಹಿಳೆಯರಲ್ಲಿ ಮಂಡಿಯ ಆಸ್ಟಿಯೊಆರ್ಥ್ರೈಟಿಸ್ ಬರುವ ಸಾಧ್ಯತೆ ಅರ್ಧಕ್ಕಿಂತಲೂ ಕೆಳಗಿಳಿದಿತ್ತು.

ಆದರೆ ಬರೀ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶ, ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ತೂಕ ಮರಳಿ ಬಂದಾಗ ಬರುವುದು ಹೆಚ್ಚಾಗಿ ಕೊಬ್ಬು. ಹಾಗಾಗಿ ಮೂರು ಮತ್ತು ನಾಲ್ಕನೆಯ ಹೆಜ್ಜೆಗಳು ರೂಢಿಯಾದ ಮೇಲೆಯೇ ಇದಕ್ಕೆ ಕೈಹಾಕಿ. ವಾರಕ್ಕೆ ಅರ್ಧ ಕಿಲೊ ಮೀರದಂತೆ, 6 ತಿಂಗಳಲ್ಲಿ ಈಗಿನ ತೂಕದ ಶೇ 5ರಿಂದ 10ರಷ್ಟು ಇಳಿಸುವ ಗುರಿಯಿರಲಿ. ಕಡಿತ ಅನ್ನ, ಸಕ್ಕರೆ, ಬೇಕರಿ ತಿಂಡಿ ಮತ್ತು ಎಣ್ಣೆಯಲ್ಲಿರಲಿ, ಕಾಳಿನಲ್ಲಲ್ಲ. ಈಚೆಗೆ ಹೆಸರಾಗಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಸ್ಥೂಲಕಾಯದ ಜೊತೆ ಮಂಡಿ ನೋವೂ ಇದ್ದವರಲ್ಲಿ ಸರಾಸರಿ ಶೇ 13.7ರಷ್ಟು ತೂಕ ಇಳಿಸಿ, ನೋವನ್ನೂ ಗಮನಾರ್ಹವಾಗಿ ತಗ್ಗಿಸಿದ್ದು 2024ರಲ್ಲಿ ಪ್ರಕಟವಾಯಿತು. ವೈದ್ಯರು ಅದನ್ನು ಬರೆದುಕೊಟ್ಟರೆ, ಹಸಿವು ಕುಗ್ಗಿ ಪ್ರೋಟೀನೂ ಕುಗ್ಗುವುದರಿಂದ, ಕುರ್ಚಿಯ ವ್ಯಾಯಾಮ ಇನ್ನಷ್ಟು ಅಗತ್ಯವಾಗುತ್ತದೆ.

ಆರನೆಯ ಹೆಜ್ಜೆ: ಮನೆ ಮತ್ತು ಮಾತ್ರೆ

ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯಕ್ಕೆ ಕಮೋಡ್ ಕುರ್ಚಿ, ಈಳಿಗೆಮಣೆಯ ಬದಲು ಮೇಜಿನ ಮೇಲೆ ಚಾಕು, ಬಟ್ಟೆ ಒಗೆಯಲು ಎತ್ತರದ ಸ್ಟೂಲು: ನೋವು ಹೆಚ್ಚಿರುವ ತಿಂಗಳುಗಳಲ್ಲಿ ಇವು ಬಹಳ ನೆರವಾಗುತ್ತವೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಬೇಕಾದರೆ ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಹುತೇಕರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ನೋಯುವ ಮಂಡಿಯನ್ನು ಬಲವಂತವಾಗಿ ವಜ್ರಾಸನಕ್ಕೆ ಬಗ್ಗಿಸುವ ಹಠ ಬೇಡ.

ನೋವಿಗೆ ಮೊದಲ ಮದ್ದು ಹಚ್ಚುವ ಡೈಕ್ಲೊಫೆನಾಕ್ ಜೆಲ್. ಮೆಡಿಕಲ್ ಶಾಪಿನಿಂದ ಕೇಳಿ ತಂದು ದಿನವೂ ನುಂಗುವ ನೋವಿನ ಮಾತ್ರೆ, ಸಕ್ಕರೆ ಅಥವಾ ರಕ್ತದೊತ್ತಡ ಇರುವವರ ಮೂತ್ರಪಿಂಡಕ್ಕೆ ಅಪಾಯಕಾರಿ. ಗ್ಲುಕೋಸಮೀನ್ ಮಾತ್ರೆಯನ್ನೂ ಹಯಲುರೋನಿಕ್ ಆಮ್ಲದ ಚುಚ್ಚುಮದ್ದನ್ನೂ ಮೇಲೆ ಹೇಳಿದ ನೈಸ್ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಆ ಹಣದಲ್ಲಿ ಕೆಲವು ಬಾರಿ ಫಿಸಿಯೊಥೆರಪಿಸ್ಟ್ ಬಳಿ ಹೋಗಿ ಬರುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮಂಡಿಯೊಳಗೆ ಕೊಡುವ ಸ್ಟಿರಾಯ್ಡ್ ಕೆಲವು ವಾರ ಆರಾಮ ಕೊಡಬಹುದು. ಆದರೆ 3 ತಿಂಗಳಿಗೊಮ್ಮೆಯಂತೆ 2 ವರ್ಷ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಮೃದ್ವಸ್ಥಿಯ ನಷ್ಟ ಹೆಚ್ಚಾಗಿತ್ತು. ಸಕ್ಕರೆ ಇರುವವರಲ್ಲಿ ಅದು ಕೆಲವು ದಿನ ಸಕ್ಕರೆಯನ್ನೂ ಏರಿಸುತ್ತದೆ, ಎಚ್ಚರ.

ಏಳನೆಯ ಹೆಜ್ಜೆ: 12 ವಾರಗಳ ನಂತರ ಮತ್ತೆ ಅಳೆಯಿರಿ

ಮೊದಲ ದಿನ ಬಳಸಿದ ಕುರ್ಚಿಯನ್ನೇ ಬಳಸಿ. ಎಚ್‌ಬಿಎ1ಸಿ ಸುಮಾರು 3 ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಅದನ್ನೂ ಈಗಲೇ ಮಾಡಿಸಬಹುದು. ಕುರ್ಚಿಯ ಸಮಯ ಇಳಿದು, ಸೊಂಟ ಒಂದೆರಡು ಸೆಂಟಿಮೀಟರ್ ಕುಗ್ಗಿ, ತೂಕ ಮಾತ್ರ ಅಲ್ಲೇ ಇದ್ದರೆ ದಾರಿ ಸರಿಯಿದೆ, ಏನನ್ನೂ ಬದಲಿಸಬೇಡಿ. ತೂಕ ಇಳಿದು ಕುರ್ಚಿಯ ಸಮಯ ಏರಿದ್ದರೆ ಕರಗುತ್ತಿರುವುದರಲ್ಲಿ ಸ್ನಾಯುವೂ ಇದೆ. ಊಟದ ಕಡಿತವನ್ನು ನಿಲ್ಲಿಸಿ ನಾಲ್ಕನೆಯ ಹೆಜ್ಜೆಗೆ ಮರಳಿ. ವಾರಕ್ಕೆ 3 ದಿನ ತಪ್ಪದೆ ಮಾಡಿಯೂ ನೋವು, ಸಮಯ ಎರಡೂ ಕದಲದಿದ್ದರೆ ಆ ನೋಟ್‌ಬುಕ್ಕನ್ನೇ ಹಿಡಿದು ವೈದ್ಯರ ಬಳಿ ಹೋಗಿ. ಮಂಡಿ ಬದಲಿಯ ಮಾತು ಬಂದರೂ ಈ ವ್ಯಾಯಾಮಗಳನ್ನು ಶಸ್ತ್ರಚಿಕಿತ್ಸೆಯ ದಿನದವರೆಗೆ ಮುಂದುವರಿಸಿ. ಆಮೇಲೆ ಫಿಸಿಯೊಥೆರಪಿಸ್ಟ್ ಮೊದಲು ಮಾಡಿಸುವುದೂ ಬಹುಮಟ್ಟಿಗೆ ಇದೇ ಟವೆಲು ಒತ್ತುವ, ಕಾಲೆತ್ತುವ ವ್ಯಾಯಾಮಗಳನ್ನೇ.